ಓಣಿ ಊರಿನದಾದ ಬಗೆ

ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಯಲ್ಲಿ ಕವಿ-ಕಾವ್ಯಗಳ ವಿಚಾರ ಬರುವುದು ಸಹಜ. ಅದನ್ನು ಬರೆಯಬಲ್ಲ ವಿದ್ವಾಂಸರು ನಮ್ಮ ಸಂಘದಲ್ಲಿ ಅನೇಕರಿದ್ದಾರೆ. ಇತಿಹಾಸದ ಪಾಠ ಹೇಳಿ ನಿವೃತ್ತನಾದ ನಾನು ನಾವೆಲ್ಲರೂ ದಿನಕ್ಕೆ ಹತ್ತು ಸಲ ತುಳಿದರೂ ಒಮ್ಮೆಯೂ ವಿಚಾರಿಸದ ಒಂದು ವಸ್ತುವಿನ ಇತಿಹಾಸವನ್ನು ಓದುಗರ ಮುಂದಿಡಲು ಬಯಸುತ್ತೇನೆ. ಆ ವಸ್ತು ನಮ್ಮ ಮನೆಯ ಮುಂದಿನ ಓಣಿ.

ಮನೆ ನಮ್ಮದು, ಅದಕ್ಕೆ ಉತಾರೆ ಉಂಟು. ಹೊಲ ನಮ್ಮದು, ಅದಕ್ಕೆ 7/12 ಉಂಟು. ಮನೆಯ ಬಾಗಿಲಿನಿಂದ ಡಾಂಬರು ರಸ್ತೆಯವರೆಗಿನ ಆ ಹತ್ತು ಹನ್ನೆರಡು ಅಡಿ ಅಗಲದ ನೆಲ ಯಾರದು? 'ಊರಿನದು' ಎಂದು ಎಲ್ಲರೂ ಹೇಳುತ್ತಾರೆ. ಊರಿನದು ಹೇಗಾಯಿತು, ಎಂದು ಆಯಿತು, ಎಲ್ಲಿ ಬರೆದಿದೆ ಎಂದು ಕೇಳಿದರೆ ಉತ್ತರ ಸಿಗುವುದು ಕಷ್ಟ. ನಮ್ಮ ಭಾಗದಲ್ಲಿ ಹೊಸದಾಗಿ ಬೆಳೆದ ಅನೇಕ ವಸತಿಗಳ ದಾರಿಗಳು ಯಾರೋ ಒಬ್ಬ ಭೂಮಾಲೀಕರು ತಮ್ಮ ಹೊಲದಲ್ಲಿ ಬಿಟ್ಟುಕೊಟ್ಟವು. ಬಿಟ್ಟವರ ಮಾತು ಇರುವತನಕ ತೊಂದರೆಯಿಲ್ಲ. ಅವರು ಕಾಲವಾಗಿ, ಮಕ್ಕಳು ಮೊಮ್ಮಕ್ಕಳು ಪಾಲು ಹಂಚಿಕೊಳ್ಳುವ ದಿನ ಬಂದಾಗ 'ಈ ದಾರಿ ನಮ್ಮ ಉತಾರೆಯಲ್ಲಿದೆ' ಎಂಬ ಮಾತು ಹುಟ್ಟುತ್ತದೆ. ಅಂದು ಓಣಿಯ ಕೊನೆಯ ಮನೆಯವರಿಗೆ ಹೆರಿಗೆಯ ನೋವಿನ ಸೊಸೆಯನ್ನು ವಾಹನಕ್ಕೆ ಸಾಗಿಸಲೂ ದಾರಿಯಿಲ್ಲದಂತಾಗಬಹುದು. ಆದ್ದರಿಂದ ಖಾಸಗಿ ದಾರಿಯೊಂದು ಊರ ಬೀದಿಯಾಗುವ ಬಗೆಯನ್ನು ತಿಳಿಯುವುದು ಪ್ರತಿ ಕುಟುಂಬಕ್ಕೂ ಅಗತ್ಯ.

ಹಳೆಯ ಬಟ್ಟೆ

ಹಳಗನ್ನಡದಲ್ಲಿ ದಾರಿಗೆ 'ಬಟ್ಟೆ' ಎಂದು ಹೆಸರು; ದೊಡ್ಡ ದಾರಿ 'ಹೆಬ್ಬಟ್ಟೆ'. ನಮ್ಮ ಶಾಸನಗಳಲ್ಲಿ ಭೂದಾನದ ಎಲ್ಲೆಯನ್ನು ಹೇಳುವಾಗ ಹಳ್ಳ, ಗುಡ್ಡ, ಮರ, ನೆಟ್ಟ ಕಲ್ಲುಗಳ ಜೊತೆಗೆ ಹೆಬ್ಬಟ್ಟೆಯ ಹೆಸರೂ ಬರುತ್ತದೆ. ಇದರ ಅರ್ಥ ಗಮನಿಸತಕ್ಕದ್ದು. ದಾರಿಯು ಎಲ್ಲೆಯಾಗಬೇಕಾದರೆ ಅದು ದಾನ ಕೊಡುವವನ ಇಚ್ಛೆಯಂತೆ ಬದಲಾಗುವ ವಸ್ತುವಾಗಿರಲು ಸಾಧ್ಯವಿಲ್ಲ. ಎಲ್ಲರೂ ಬಲ್ಲ, ಎಲ್ಲರೂ ಒಪ್ಪಿದ ವಸ್ತುವಾಗಿರಬೇಕು.

ಧರ್ಮಶಾಸ್ತ್ರಕಾರರು ಈ ವಿಷಯವನ್ನು ನೇರವಾಗಿಯೇ ಚರ್ಚಿಸಿದ್ದಾರೆ. ಜನರೂ ಜಾನುವಾರುಗಳೂ ಯಾರ ತಡೆಯೂ ಇಲ್ಲದೆ ಬಂದುಹೋಗುವ ದಾರಿಗೆ ಅವರು 'ಸಂಸರಣ' ಎಂದು ಹೆಸರಿಟ್ಟು, ಅದನ್ನು ಯಾರೂ ಅಡ್ಡಗಟ್ಟಬಾರದೆಂದು ವಿಧಿಸಿದರು. ಕೌಟಿಲ್ಯನ ಅರ್ಥಶಾಸ್ತ್ರವು ದಾರಿ ಕಟ್ಟಿದವನಿಗೆ ದಂಡವನ್ನು ದಾರಿಯ ದರ್ಜೆಗೆ ತಕ್ಕಂತೆ ಗೊತ್ತುಮಾಡಿದೆ: ಸಣ್ಣ ಪಶುಗಳೂ ಮನುಷ್ಯರೂ ನಡೆಯುವ ದಾರಿಯಾದರೆ 12 ಪಣ, ದೊಡ್ಡ ಪಶುಗಳ ದಾರಿಯಾದರೆ 24 ಪಣ, ರಾಷ್ಟ್ರದ ಹೆದ್ದಾರಿಯಾದರೆ 1000 ಪಣ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ನಮ್ಮ ನಾಡಿನಲ್ಲಿಯೇ ವಿಜ್ಞಾನೇಶ್ವರನು ಮಿತಾಕ್ಷರವನ್ನು ರಚಿಸಿದನು. ಅವನು ವ್ಯಾಖ್ಯಾನಿಸಿದ ಯಾಜ್ಞವಲ್ಕ್ಯ ಸ್ಮೃತಿಯು ಎಲ್ಲೆಯ ವ್ಯಾಜ್ಯ ಬಂದಾಗ ನೆರೆಹೊರೆಯವರು, ಮುದುಕರು, ದನ ಕಾಯುವವರು, ಗಡಿಯಲ್ಲಿ ಉಳುವವರು, ಅಡವಿಯಲ್ಲಿ ತಿರುಗುವವರು ಇವರನ್ನು ಕೇಳಿ ತೀರ್ಮಾನಿಸಬೇಕೆನ್ನುತ್ತದೆ. ಅಂದಿನ ದಾಖಲೆ ಹಿರಿಯರ ನೆನಪಿನಲ್ಲಿತ್ತು. ದಾರಿಯನ್ನು ತುಳಿದ ಪಾದಗಳೇ ಅದಕ್ಕೆ ಸಾಕ್ಷಿ.

ಈ ಭಾವನೆ ಇಂದಿಗೂ ನಮ್ಮಲ್ಲಿ ಅಳಿದಿಲ್ಲ. ಛಟ್ಟಿ ಅಮಾವಾಸ್ಯೆಯ ಸಮಯದಲ್ಲಿ ವಿಜಯಪುರ, ಬಾಗಲಕೋಟೆ, ಸೋಲಾಪುರಗಳ ಕಡೆಯಿಂದ ಗುಡ್ಡಾಪುರದ ದಾನಮ್ಮದೇವಿಯ ದರ್ಶನಕ್ಕೆ ಕಾಲ್ನಡಿಗೆಯಲ್ಲಿ ಬರುವ ಭಕ್ತರ ಸಾಲನ್ನು ನಮ್ಮ ಓದುಗರೆಲ್ಲ ನೋಡಿಯೇ ಇದ್ದಾರೆ. ದಾರಿಯುದ್ದಕ್ಕೂ ಅವರಿಗೆ ಅನ್ನ, ನೀರು, ನೆರಳು ದೊರೆಯುತ್ತವೆ. ಯಾತ್ರಿಕರು ಹೊಲದ ಬದುವಿನ ಮೇಲೆ ನಡೆದರೆ ಬೇಡವೆನ್ನುವವರು ವಿರಳ. ಆದರೆ ಒಂದು ಸೂಕ್ಷ್ಮವನ್ನು ಇಲ್ಲಿ ನೆನಪಿಡಬೇಕು. ಒಡೆಯನು ಪ್ರೀತಿಯಿಂದ ಬಿಟ್ಟ ದಾರಿ ಬೇರೆ, ಜನರ ಹಕ್ಕಿನ ದಾರಿ ಬೇರೆ. ಅನುಮತಿಯಿಂದ ನಡೆದದ್ದು ನೂರು ವರ್ಷವಾದರೂ ಅನುಮತಿಯೇ ಎಂದು ಕಾಯ್ದೆ ಹೇಳುತ್ತದೆ. ನ್ಯೂಯಾರ್ಕ್ ನಗರದ ರಾಕ್‌ಫೆಲ್ಲರ್ ಪ್ಲಾಜಾ ಎಂಬ ಬೀದಿಯಲ್ಲಿ ವರ್ಷವಿಡೀ ಜನ ಓಡಾಡುತ್ತಾರೆ; ಆದರೆ ಅದು ಖಾಸಗಿಯದೆಂಬ ಹಕ್ಕು ಕಳೆಯದಿರಲೆಂದು ಒಡೆಯರು ವರ್ಷಕ್ಕೊಂದು ದಿನ ಅದನ್ನು ಮುಚ್ಚುವ ವಾಡಿಕೆ ಇಟ್ಟುಕೊಂಡರು.

ಪೇಠೆ ಕಟ್ಟಿದವರು, ಸಂಸ್ಥಾನ ಆಳಿದವರು

ಮರಾಠರ ಆಳ್ವಿಕೆಯಲ್ಲಿ ಹೊಸ ಪೇಠೆ ಕಟ್ಟುವ ಕೆಲಸವನ್ನು ಅನೇಕ ವೇಳೆ ಸರದಾರರೂ ಶ್ರೀಮಂತರೂ ಮಾಡಿದರು. ಪುಣೆಯ ನಾನಾ ಪೇಠೆ ನಾನಾ ಫಡಣವೀಸರ ಹೆಸರಿನಲ್ಲಿದೆ. ಅಲ್ಲಿಯ ರಾಸ್ತಾ ಪೇಠೆಯ ಹೆಸರು ಕೇಳಿ ರಸ್ತೆಯ ಪೇಠೆಯೆಂದು ಭಾವಿಸುವವರುಂಟು. ವಾಸ್ತವವಾಗಿ ಅದು ರಾಸ್ತೆ ಎಂಬ ಸರದಾರ ಮನೆತನದ ಹೆಸರು. ನಮ್ಮ ಜಿಲ್ಲಾ ಕೇಂದ್ರವಾದ ಸಾಂಗಲಿಯೂ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಚಿಂತಾಮಣರಾವ ಪಟವರ್ಧನರು ಮಿರಜೆಯಿಂದ ಬೇರೆಯಾಗಿ ತಮ್ಮ ರಾಜಧಾನಿಯನ್ನಾಗಿ ಬೆಳೆಸಿದ ಊರು. ಇಂಥ ಪೇಠೆಗಳಲ್ಲಿ ಬೀದಿ ಹಾಕಿಸಿದವನು ಒಬ್ಬನಾದರೂ ನಡೆಯುವವರು ನೂರಾರು ಜನ. ಗಿರಾಕಿಗಳನ್ನು ತಡೆದರೆ ಪೇಠೆಯೇ ಹಾಳಾಗುವುದರಿಂದ ಬೀದಿಯನ್ನು ತೆರೆದಿಡುವುದು ಕಟ್ಟಿದವನಿಗೂ ಲಾಭವಾಗಿತ್ತು.

ಜತ್ತ ಸಂಸ್ಥಾನವು ಡಫಳೆ ಮನೆತನದ ಆಳ್ವಿಕೆಯಲ್ಲಿತ್ತು. ಡಫಳಾಪುರವನ್ನೂ ಸೇರಿಸಿ ಅದರ ವಿಸ್ತೀರ್ಣ ಸುಮಾರು 980 ಚದರ ಮೈಲು. 1901ರ ಜನಗಣತಿಯಲ್ಲಿ ಒಟ್ಟು ಜನಸಂಖ್ಯೆ 68,665. ಬ್ರಿಟಿಷರ ಕಾಲದಲ್ಲಿ ಬಹುಕಾಲ ಈ ಸಂಸ್ಥಾನದ ಮೇಲ್ವಿಚಾರಣೆ ವಿಜಾಪುರದ ಕಲೆಕ್ಟರರ ಕಡೆಗಿತ್ತೆಂಬುದು ನಮ್ಮ ಕನ್ನಡ ನಂಟಿಗೆ ಒಂದು ಸಾಕ್ಷಿ. ಸಂಸ್ಥಾನದಲ್ಲಿ ಅರಸರ ನೆಲಕ್ಕೂ ಸರಕಾರದ ನೆಲಕ್ಕೂ ನಡುವಿನ ಗೆರೆ ತೆಳುವಾಗಿತ್ತು. ದಾರಿ ಯಾರದೆಂಬ ಪ್ರಶ್ನೆ ಹೆಚ್ಚಾಗಿ ಏಳುತ್ತಿರಲಿಲ್ಲ. 1948ರ ಮಾರ್ಚ್ 8ರಂದು ದಕ್ಷಿಣದ ಇತರ ಸಂಸ್ಥಾನಗಳ ಜೊತೆ ಜತ್ತವೂ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1949ರಲ್ಲಿ ರೂಪುಗೊಂಡ ದಕ್ಷಿಣ ಸಾತಾರಾ ಜಿಲ್ಲೆಗೆ ನಮ್ಮ ತಾಲೂಕು ಸೇರಿತು. ಆ ಜಿಲ್ಲೆಗೆ 1960ರಲ್ಲಿ ಸಾಂಗಲಿ ಎಂದು ಹೆಸರಾಯಿತು. ವಿಲೀನದೊಂದಿಗೆ ಮುಂಬಯಿ ಪ್ರಾಂತದ ಕಾಯ್ದೆಗಳು ನಮ್ಮ ಊರುಗಳಿಗೆ ಬಂದವು. ಆ ಕಾಯ್ದೆಗಳು ಬೆಳೆದ ರೀತಿಯನ್ನು ನೋಡಿದರೆ ಮಾತ್ರ ಇಂದಿನ ಸ್ಥಿತಿ ಅರ್ಥವಾಗುತ್ತದೆ.

ಬೀದಿಯನ್ನು ಒಪ್ಪಿಕೊಳ್ಳುವ ಕಾಯ್ದೆ

1850ರ 26ನೆಯ ಕಾಯ್ದೆಯ ಪ್ರಕಾರ ಊರಿನವರೇ ಬಯಸಿ ಅರ್ಜಿ ಕೊಟ್ಟರೆ ಅಲ್ಲಿ ಮುನಿಸಿಪಾಲಿಟಿ ಸ್ಥಾಪಿಸಬಹುದಾಗಿತ್ತು. ನಮ್ಮ ಸುತ್ತಿನಲ್ಲಿ ಬೆಳಗಾವಿಗೆ 1851ರಲ್ಲಿ, ಸೋಲಾಪುರಕ್ಕೆ 1852ರಲ್ಲಿ ಮುನಿಸಿಪಾಲಿಟಿ ಬಂತು. ಸಂಸ್ಥಾನದ ಊರಾದ ಸಾಂಗಲಿಗೆ 1876ರಲ್ಲಿ ಬಂತು. ಬೀದಿಗಳನ್ನು ಸರಿಪಡಿಸುವುದು, ಗುಡಿಸುವುದು, ದೀಪ ಹಚ್ಚುವುದು ಇವು ಅವುಗಳ ಮೊದಲ ಕೆಲಸಗಳು. ಆಗಲೇ ಒಂದು ತೊಡಕು ಎದುರಾಯಿತು. ಊರಿನ ತೆರಿಗೆಯ ಹಣವನ್ನು ಊರಿನ ಬೀದಿಗೆ ಮಾತ್ರ ಖರ್ಚು ಮಾಡಬೇಕು. ಹಾಗಾದರೆ ಊರಿನ ಬೀದಿ ಯಾವುದು?

ಈ ತೊಡಕು ಇಂಗ್ಲೆಂಡಿನಲ್ಲಿಯೂ ಇತ್ತು. ಕಾರ್ಖಾನೆಗಳ ಊರುಗಳಲ್ಲಿ ಭೂಮಾಲೀಕರು ಸಾಲು ಮನೆಗಳನ್ನು ಕಟ್ಟಿ, ನಡುವೆ ಕೆಸರಿನ ದಾರಿ ಬಿಟ್ಟು, ಮನೆಗಳನ್ನು ಮಾರಿ ಹೊರಟುಹೋಗುತ್ತಿದ್ದರು. ದುರಸ್ತಿಯ ಭಾರ ಯಾರದೆಂದು ತಿಳಿಯದೆ ಊರು ರೋಗದ ಮನೆಯಾಗುತ್ತಿತ್ತು. ಅಲ್ಲಿಯ 1875ರ ಸಾರ್ವಜನಿಕ ಆರೋಗ್ಯ ಕಾಯ್ದೆ ಇದಕ್ಕೊಂದು ನ್ಯಾಯವಾದ ದಾರಿ ಕಂಡುಕೊಂಡಿತು. ದಾರಿಯ ಎರಡೂ ಬದಿಯ ಒಡೆಯರು ತಮ್ಮ ಖರ್ಚಿನಿಂದ ಅದನ್ನು ಒಮ್ಮೆ ಸರಿಪಡಿಸಬೇಕು. ಮಾಡದಿದ್ದರೆ ಸ್ಥಳೀಯ ಸಂಸ್ಥೆ ತಾನೇ ಮಾಡಿ ಖರ್ಚನ್ನು ಅವರ ಮೇಲೆ ಹಂಚಬೇಕು. ಹೀಗೆ ಸರಿಯಾದ ದಾರಿಯನ್ನು ಸಂಸ್ಥೆಯು ಸಾರ್ವಜನಿಕವೆಂದು ಸಾರಬಹುದು. ಅಲ್ಲಿಂದ ಮುಂದೆ ಅದರ ಪಾಲನೆ ಎಲ್ಲರ ತೆರಿಗೆಯಿಂದ.

ಇದೇ ತತ್ತ್ವವು 1888ರ ಮುಂಬಯಿ ಮುನಿಸಿಪಲ್ ಕಾರ್ಪೊರೇಷನ್ ಕಾಯ್ದೆಯ 305 ಮತ್ತು 306ನೆಯ ಕಲಮುಗಳಲ್ಲಿ ನೆಲೆಗೊಂಡಿತು. ಅದರ ವಿಧಾನ ಹೀಗಿದೆ. ಖಾಸಗಿ ಬೀದಿಯನ್ನು ಸಮತಟ್ಟು ಮಾಡಿರಬೇಕು. ಖಡಿ ಅಥವಾ ಕಲ್ಲು ಹಾಸಿರಬೇಕು. ಕೊಳಚೆ ನೀರಿಗೂ ಮಳೆಯ ನೀರಿಗೂ ಹರಿವು ಇರಬೇಕು. ಇವೆಲ್ಲ ಕಮಿಷನರರಿಗೆ ಒಪ್ಪಿಗೆಯಾದರೆ ಅವರು ಅದನ್ನು ಸಾರ್ವಜನಿಕ ಬೀದಿಯೆಂದು ಘೋಷಿಸಬಹುದು. ಜೊತೆಗೆ ದೀಪ, ದೀಪದ ಕಂಬಗಳ ವ್ಯವಸ್ಥೆಯೂ ಆಗಿದ್ದು, ಬೀದಿಯ ಒಡೆಯರು ಕೇಳಿಕೊಂಡರೆ ಘೋಷಿಸಲೇಬೇಕು. ಘೋಷಣೆ ಎಂದರೆ ಆ ಬೀದಿಯಲ್ಲಿಯೇ ಅಂಟಿಸುವ ಒಂದು ಲಿಖಿತ ನೋಟೀಸು. ಅದನ್ನು ಅಂಟಿಸಿದ ಒಂದು ತಿಂಗಳೊಳಗೆ ಒಡೆಯರು ಬೇಡವೆಂದು ಬರೆದುಕೊಟ್ಟರೆ ಬೀದಿ ಖಾಸಗಿಯಾಗಿಯೇ ಉಳಿಯುತ್ತದೆ.

ಸಣ್ಣ ಊರುಗಳಿಗಾಗಿ ಬಂದ 1901ರ ಮುಂಬಯಿ ಜಿಲ್ಲಾ ಮುನಿಸಿಪಲ್ ಕಾಯ್ದೆಯಲ್ಲಿಯೂ, ಅದರ ವಂಶಜಗಳಾದ ಕರ್ನಾಟಕದ 1964ರ ಪುರಸಭೆಗಳ ಕಾಯ್ದೆ ಹಾಗೂ ಮಹಾರಾಷ್ಟ್ರದ 1965ರ ನಗರ ಪರಿಷತ್ತುಗಳ ಕಾಯ್ದೆಗಳಲ್ಲಿಯೂ ಇದೇ ತಿರುಳು ಬಂದಿದೆ. ಗಡಿಯ ಈಚೆಗಿರಲಿ ಆಚೆಗಿರಲಿ, ನಮ್ಮ ಬೀದಿಗಳ ಕಾಯ್ದೆ ಒಂದೇ ತಾಯಿಯ ಮಕ್ಕಳು.

ಈ ವಿಧಾನದಲ್ಲಿ ಮೂರು ಪಕ್ಷಗಳ ಹಿತವನ್ನೂ ಕಾಯ್ದಿರುವುದನ್ನು ಗಮನಿಸಬೇಕು. ಒಡೆಯನ ಒಪ್ಪಿಗೆಯಿಲ್ಲದೆ ಅವನ ನೆಲ ಹೋಗುವುದಿಲ್ಲ. ಒಬ್ಬನು ಕೆಟ್ಟದಾಗಿ ಮಾಡಿಟ್ಟ ದಾರಿಯ ಭಾರ ಊರಿನ ತೆರಿಗೆದಾರರ ಮೇಲೆ ಬೀಳುವುದಿಲ್ಲ. ಒಮ್ಮೆ ಒಪ್ಪಿಕೊಂಡ ಮೇಲೆ ನಡೆಯುವವರ ಹಕ್ಕನ್ನು ಯಾರೂ ಕಸಿಯುವಂತಿಲ್ಲ. ಊರು ಬೀದಿಯನ್ನು ಒಪ್ಪಿಕೊಳ್ಳಲು ಹಿಂದೆಮುಂದೆ ನೋಡುವುದು ಅಧಿಕಾರಿಗಳ ಉದಾಸೀನದಿಂದ ಮಾತ್ರವೆಂದು ನಾವು ತಿಳಿಯುತ್ತೇವೆ. ಒಪ್ಪಿಕೊಂಡ ದಿನದಿಂದ ಅದರ ಗುಂಡಿ, ಗಟಾರ, ದೀಪಗಳೆಲ್ಲ ಊರಿನ ಲೆಕ್ಕಕ್ಕೆ ಬರುತ್ತವೆಂಬ ಎಚ್ಚರವೂ ಅದರಲ್ಲಿ ಇದೆ.

ಬೀದಿಗಾಗಿ ಹೊರಟವನು ಕಟ್ಟಿದ ಊರು

ಬೀದಿಗೂ ಒಡೆತನಕ್ಕೂ ಇರುವ ನಂಟನ್ನು ತೋರಿಸುವ ಒಂದು ನಿದರ್ಶನ ನಮ್ಮ ಜಿಲ್ಲೆಯಲ್ಲಿಯೇ ಇದೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಜನಿಸಿದ ಲಕ್ಷ್ಮಣರಾವ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿ, ನೇಗಿಲು ಮತ್ತು ಮೇವು ಕತ್ತರಿಸುವ ಯಂತ್ರಗಳನ್ನು ತಯಾರಿಸುವ ಕಾರ್ಖಾನೆ ಕಟ್ಟಿದರು. ಆ ಕಾರ್ಖಾನೆಯಿದ್ದ ಸ್ಥಳವು ಊರಿನ ಹೊಸ ಬಡಾವಣೆಗೆ ಬೇಕಾದ್ದರಿಂದ ಅವರು ಅಲ್ಲಿಂದ ಏಳಬೇಕಾಯಿತು. ಔಂಧ ಸಂಸ್ಥಾನದ ಬಾಳಾಸಾಹೇಬ ಪಂತಪ್ರತಿನಿಧಿಯವರು ಕುಂಡಲ ರೋಡ್ ರೇಲ್ವೆ ನಿಲ್ದಾಣದ ಹತ್ತಿರ ಕತ್ತಾಳೆ, ಪಾಪಾಸುಕಳ್ಳಿ ಬೆಳೆದ ಬರಡು ನೆಲವನ್ನು ಕೊಟ್ಟರು. 1910ರಲ್ಲಿ ಅಲ್ಲಿ ಎದ್ದ ಊರೇ ಇಂದು ಪಲೂಸ ತಾಲೂಕಿನಲ್ಲಿರುವ ಕಿರ್ಲೋಸ್ಕರವಾಡಿ.

ಅಲ್ಲಿಯ ಮನೆ, ಶಾಲೆ, ನೀರು, ಬೀದಿ ಎಲ್ಲವೂ ಕಾರ್ಖಾನೆಯವರ ಯೋಜನೆಯಂತೆ ಬೆಳೆದವು. ಹಾಕಿದವರು ಯೋಗ್ಯರಾಗಿದ್ದರೆ ಖಾಸಗಿ ಬೀದಿಯು ಸರಕಾರಿ ಬೀದಿಗಿಂತ ಸೊಗಸಾಗಿರಬಲ್ಲುದೆಂಬುದಕ್ಕೆ ಇದು ಸಾಕ್ಷಿ. ಆದರೆ ಎಲ್ಲ ಬೀದಿಗಳಿಗೂ ಅಂಥ ಒಡೆಯರು ದೊರೆಯುವುದಿಲ್ಲ. ದೊರೆತರೂ ಒಬ್ಬರ ಒಳ್ಳೆಯತನದ ಮೇಲೆ ನಾಲ್ಕು ತಲೆಮಾರುಗಳ ಓಡಾಟವನ್ನು ನಿಲ್ಲಿಸಲಾಗದು.

ನಡೆಯುವ ಹಕ್ಕು ಯಾರದು?

ಸಾರ್ವಜನಿಕ ಎಂಬ ಒಂದು ಶಬ್ದದ ಬೆಲೆಯನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ಊರ ಬೀದಿಯಲ್ಲಿ ಕಾಲಿಡಲು ಬಿಡದೆ ಹೊರಗೆ ಇಟ್ಟಿದ್ದ ಜನ. 1923ರಲ್ಲಿ ಸೀತಾರಾಮ ಕೇಶವ ಬೋಲೆಯವರು ಮುಂಬಯಿ ಶಾಸನಸಭೆಯಲ್ಲಿ ಮಂಡಿಸಿದ ಠರಾವು, ಸಾರ್ವಜನಿಕ ಹಣದಿಂದ ಕಟ್ಟಿದ ಮತ್ತು ನಡೆಯುವ ಬಾವಿ, ಕೆರೆ, ಧರ್ಮಶಾಲೆಗಳನ್ನು ಅಸ್ಪೃಶ್ಯರೆನಿಸಿದವರಿಗೂ ತೆರೆಯಬೇಕೆಂದಿತು. ಮಹಾಡದ ಮುನಿಸಿಪಾಲಿಟಿಯು ಅದನ್ನು ಅನುಸರಿಸಿ ತನ್ನ ಚವದಾರ ಕೆರೆಯನ್ನು ತೆರೆಯುವುದಾಗಿ 1924ರಲ್ಲಿ ಠರಾವು ಮಾಡಿತು. 1927ರ ಮಾರ್ಚಿನಲ್ಲಿ ಡಾ. ಬಾಬಾಸಾಹೇಬ ಅಂಬೇಡ್ಕರರು ಸಾವಿರಾರು ಜನರೊಡನೆ ಹೋಗಿ ಆ ಕೆರೆಯ ನೀರು ಮುಟ್ಟಿದಾಗ, ವಿರೋಧಿಗಳು ನ್ಯಾಯಾಲಯದಲ್ಲಿ ಹೂಡಿದ ವಾದವೇನು? ಕೆರೆ ಸಾರ್ವಜನಿಕವಲ್ಲ, ಖಾಸಗಿಯದು ಎಂದು. ಆ ವಾದವನ್ನು ತಳ್ಳಿಹಾಕಿದ ಅಂತಿಮ ತೀರ್ಪು ಮುಂಬಯಿ ಹೈಕೋರ್ಟಿನಿಂದ ಬರಲು 1937ರ ಮಾರ್ಚ್ ಆಯಿತು. ಹತ್ತು ವರ್ಷಗಳ ಹೋರಾಟ ಆ ಒಂದು ಶಬ್ದದ ಸುತ್ತ ತಿರುಗಿತು.

ಆದ್ದರಿಂದಲೇ ನಮ್ಮ ಸಂವಿಧಾನದ 15ನೆಯ ಅನುಚ್ಛೇದವು ಬಾವಿ, ಕೆರೆ, ಸ್ನಾನಘಟ್ಟಗಳ ಜೊತೆಗೆ ರಸ್ತೆಯನ್ನೂ ಹೆಸರಿಸಿದೆ. ರಾಜ್ಯದ ಹಣದಿಂದ ಪೂರ್ಣವಾಗಿ ಅಥವಾ ಅಂಶತಃ ನಡೆಯುವ, ಇಲ್ಲವೆ ಸಾರ್ವಜನಿಕರ ಉಪಯೋಗಕ್ಕೆ ಅರ್ಪಿತವಾದ ರಸ್ತೆಯಲ್ಲಿ ಜಾತಿ, ಮತ, ಲಿಂಗ, ಹುಟ್ಟಿದ ಸ್ಥಳಗಳ ಕಾರಣದಿಂದ ಯಾರನ್ನೂ ತಡೆಯುವಂತಿಲ್ಲ. ಇಲ್ಲಿ 'ಅರ್ಪಿತ' ಎಂಬ ಮಾತು ಮುಖ್ಯವಾದುದು. ಸರಕಾರ ಒಂದು ರೂಪಾಯಿ ಖರ್ಚು ಮಾಡದಿದ್ದರೂ, ಒಡೆಯನು ಜನರಿಗೆಂದು ಬಿಟ್ಟುಕೊಟ್ಟ ದಾರಿಯಲ್ಲಿ ಎಲ್ಲರೂ ಸಮಾನರು.

ಹೊಲದ ದಾರಿ

ಈಗ ನಮ್ಮ ತಾಲೂಕಿನ ಹಳ್ಳಿಗಳಿಗೆ ಬರೋಣ. ಸಂಖ, ಉಮದಿ, ಬಿಳೂರ, ಮಾಡಗ್ಯಾಳಗಳಂಥ ಊರುಗಳಲ್ಲಿ ಜನ ಗಾವಠಾಣದಲ್ಲಿ ಇರುವಷ್ಟೇ ಹೊಲಗಳ ವಸ್ತಿಗಳಲ್ಲಿಯೂ ಇದ್ದಾರೆ. ಅಲ್ಲಿಂದ ಶಾಲೆಗೆ, ಡೇರಿಗೆ, ಸಂತೆಗೆ ಬರುವ ದಾರಿ ಬಹುಪಾಲು ಮತ್ತೊಬ್ಬರ ಹೊಲದಲ್ಲಿಯೇ ಸಾಗುತ್ತದೆ.

ಯಾವ ದಾರಿ ಊರಿನದೆಂದು ತಿಳಿಯಲು ಮೊದಲು ನೋಡಬೇಕಾದದ್ದು ಗ್ರಾಮದ ನಕಾಶೆ. ಅದರಲ್ಲಿ ಒಂಟಿ ತುಂಡುಗೆರೆಯಿದ್ದರೆ ಕಾಲುದಾರಿ. ಅದರ ಅಗಲ 8¼ ಅಡಿ. ಜೋಡಿ ತುಂಡುಗೆರೆಯಿದ್ದರೆ ಬಂಡಿಯ ದಾರಿ. ಅದರ ಅಗಲ 16½ರಿಂದ 21 ಅಡಿ. ಯಾರ ಒಡೆತನಕ್ಕೂ ಸೇರದ ಸಾರ್ವಜನಿಕ ದಾರಿಗಳೆಲ್ಲ ರಾಜ್ಯ ಸರಕಾರದ ಸ್ವತ್ತೆಂದು ಮಹಾರಾಷ್ಟ್ರದ 1966ರ ಭೂ ಕಂದಾಯ ಸಂಹಿತೆಯ 20ನೆಯ ಕಲಮು ಹೇಳುತ್ತದೆ. ನಕಾಶೆಯಲ್ಲಿರುವ ದಾರಿಯನ್ನು ಯಾರಾದರೂ ಉತ್ತು ಹಾಕಿದ್ದರೆ ಅದು ಅತಿಕ್ರಮಣವೇ.

ನಕಾಶೆಯಲ್ಲಿ ಇಲ್ಲದ ದಾರಿಗೂ ಉಪಾಯವಿಲ್ಲವೆಂದಲ್ಲ. ಅದೇ ಸಂಹಿತೆಯ 143ನೆಯ ಕಲಮಿನಂತೆ ತನ್ನ ಹೊಲಕ್ಕೆ ಹೋಗಲು ದಾರಿಯಿಲ್ಲದ ರೈತನು ಬೇರೆಯವರ ಸರ್ವೆ ನಂಬರಿನ ಬದುವಿನ ಮೇಲಿನಿಂದ ದಾರಿ ಕೇಳಿ ತಹಶೀಲದಾರರಿಗೆ ಅರ್ಜಿ ಕೊಡಬಹುದು. ತೀರ್ಪು ಒಪ್ಪಿಗೆಯಾಗದವರು ಒಂದು ವರ್ಷದೊಳಗೆ ದಿವಾಣಿ ನ್ಯಾಯಾಲಯಕ್ಕೆ ಹೋಗಬಹುದು. ಮೊದಲಿನಿಂದ ಇದ್ದ ದಾರಿಯನ್ನು ಯಾರಾದರೂ ಅಡ್ಡಗಟ್ಟಿದರೆ 1906ರ ಮಾಮಲೇದಾರರ ನ್ಯಾಯಾಲಯಗಳ ಕಾಯ್ದೆಯ 5ನೆಯ ಕಲಮಿನಂತೆ ಆರು ತಿಂಗಳೊಳಗೆ ತಹಶೀಲದಾರರಲ್ಲಿ ದಾವೆ ಹೂಡಬೇಕು. 'ನಾಳೆ ನೋಡೋಣ, ನಮ್ಮವರೇ ಅಲ್ಲವೇ' ಎನ್ನುತ್ತ ಆ ಆರು ತಿಂಗಳು ಕಳೆದುಹೋಗುವುದೇ ಹೆಚ್ಚು. ಇನ್ನು 1882ರ ವಹಿವಾಟಿನ ಹಕ್ಕುಗಳ ಕಾಯ್ದೆಯಂತೆ 20 ವರ್ಷ ಹಕ್ಕಿನಿಂದ, ಬಹಿರಂಗವಾಗಿ, ತಡೆಯಿಲ್ಲದೆ ನಡೆದ ದಾರಿ ನಡೆದವರಿಗೆ ಸಿಗುತ್ತದೆ.

ಆದರೆ ಈ ಮೂರೂ ಕಾಯ್ದೆಗಳಿಂದ ದೊರೆಯುವುದು ಕೇಳಿದ ರೈತನಿಗೆ ಮಾತ್ರ ಸೇರಿದ ದಾರಿ. ಅದು ಊರಿನದಾಗಿ, ಅದಕ್ಕೆ ಖಡಿ ಮುರುಮು ಬೀಳಬೇಕಾದರೆ ಗ್ರಾಮಪಂಚಾಯಿತಿಯ ದಫ್ತರಕ್ಕೆ ಬರಬೇಕು. ಪಂಚಾಯಿತಿಯ ತಾಬೆಯಲ್ಲಿರುವ ರಸ್ತೆಗಳನ್ನು ಬರೆಯುವ ವಹಿಗೆ 'ನಮೂನೆ 23' ಎಂದು ಹೆಸರು. ರಸ್ತೆಯ ಹೆಸರು, ಎಲ್ಲಿಂದ ಎಲ್ಲಿಯವರೆಗೆ, ಉದ್ದ, ಅಗಲ, ಕಚ್ಚಾ ಅಥವಾ ಪಕ್ಕಾ ಎಂಬುದೆಲ್ಲ ಅದರಲ್ಲಿರುತ್ತದೆ. ಒಡೆಯರ ಲಿಖಿತ ಸಮ್ಮತಿ, ಪಂಚಾಯಿತಿಯ ಠರಾವು, ಈ ವಹಿಯ ನೋಂದು ಇವು ಮೂರೂ ಕೂಡಿದಾಗ ಹಳ್ಳಿಯು ದಾರಿಯನ್ನು ಒಪ್ಪಿಕೊಂಡಂತೆ. ಮರಾಠಿಯಲ್ಲಿ ಪಾಣಂದ ಎನ್ನುವ ಹೊಲದ ದಾರಿಗಳಿಗೆ ಈಚೆಗೆ ಸರಕಾರಿ ಯೋಜನೆಗಳು ಬಂದಿವೆ. ಅವುಗಳ ಲಾಭವೂ ದಾಖಲೆಯಿದ್ದ ದಾರಿಗೇ ಬೇಗ ಮುಟ್ಟುತ್ತದೆ.

ಗುಂಠೆವಾರಿಯ ಓಣಿಗಳು

ಪಟ್ಟಣದ ಸಮಸ್ಯೆ ಇನ್ನೂ ಜಟಿಲ. ಒಂದು ಎಕರೆಗೆ 40 ಗುಂಠೆ. ಒಂದು ಗುಂಠೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ, ಅಂದರೆ 1089 ಚದರ ಅಡಿ. ಬಡವನೊಬ್ಬ ಮನೆ ಕಟ್ಟಿಕೊಳ್ಳಲು ಇಷ್ಟು ನೆಲ ಸಾಕು. ಆದರೆ ಬೇಸಾಯದ ಭೂಮಿಯನ್ನು ಗೊತ್ತಾದ ಅಳತೆಗಿಂತ ಚಿಕ್ಕ ತುಂಡುಗಳಾಗಿ ಮಾರುವುದನ್ನು 1947ರ ತುಂಡು ಭೂಮಿ ಪ್ರತಿಬಂಧಕ ಕಾಯ್ದೆ ತಡೆಯಿತು. ಬಿನ್‌ಶೇತಿ ಪರವಾನಿಗೆ ಪಡೆದು, ನಗರ ಯೋಜನೆಯಂತೆ ರಸ್ತೆ ಮತ್ತು ಬಯಲು ಬಿಟ್ಟು ಮಾಡಿದ ಪ್ಲಾಟುಗಳ ಬೆಲೆ ಬಡವರ ಕೈಗೆ ಎಟುಕದು. ಆದ್ದರಿಂದ ಪರವಾನಿಗೆಯಿಲ್ಲದೆಯೇ ಹೊಲಗಳು ಗುಂಠೆಗಳಾಗಿ ಮಾರಾಟವಾದವು. ಸಾಂಗಲಿ, ಮಿರಜ, ಕುಪವಾಡಗಳ ಸುತ್ತ ಇಂಥ ಗುಂಠೆವಾರಿ ವಸತಿಗಳು ವಿಸ್ತಾರವಾಗಿ ಹಬ್ಬಿವೆ. 1998ರಲ್ಲಿ ಆ ಮೂರು ಊರುಗಳನ್ನು ಕೂಡಿಸಿ ಮಹಾನಗರಪಾಲಿಕೆ ಮಾಡಿದಾಗ ಈ ಓಣಿಗಳೂ ಅದರ ಪಾಲಿಗೆ ಬಂದವು.

ಮಾರುವವನು ನಡುವೆ ಹತ್ತು ಅಡಿ ದಾರಿ ಬಿಡುತ್ತಾನೆ. ನೂರು ರೂಪಾಯಿಯ ಸ್ಟಾಂಪ್ ಕಾಗದದಲ್ಲಿ 'ಪೂರ್ವಕ್ಕೆ ರಸ್ತೆ' ಎಂದು ಬರೆದಿರುತ್ತದೆ. ಆದರೆ 7/12ರಲ್ಲಿ ಆ ರಸ್ತೆ ಇನ್ನೂ ಜೋಳದ ಹೊಲವೇ. ಒಡೆಯನ ಹೆಸರೂ ಮೊದಲಿನದೇ. ಖಾಸಗಿ ನೆಲದ ಮೇಲೆ ಸರಕಾರಿ ಹಣ ಸುರಿಯಲು ನಿಯಮ ಒಪ್ಪದು. ಊರು ಒಪ್ಪಿಕೊಳ್ಳಲು ಮೊದಲು ದಾರಿ ಸರಿಯಾಗಿರಬೇಕು. ಸರಿಪಡಿಸಲು ಅಲ್ಲಿರುವವರ ಹತ್ತಿರ ಹಣವಿಲ್ಲ. 1888ರ ಕಾಯ್ದೆಯ ನ್ಯಾಯವಾದ ವಿಧಾನವು ಬಡವರ ಓಣಿಯ ಬಾಗಿಲಿನಲ್ಲಿ ಹೀಗೆ ನಿಂತುಬಿಟ್ಟಿತು.

ಈ ಬಿಕ್ಕಟ್ಟನ್ನು ಬಿಡಿಸಲು ಮಹಾರಾಷ್ಟ್ರ ಸರಕಾರವು 2001ರಲ್ಲಿ ಗುಂಠೆವಾರಿ ವಿಕಾಸಗಳ ಕಾಯ್ದೆಯನ್ನು ತಂದಿತು. 2001ರ ಜನವರಿ 1ಕ್ಕೆ ಮೊದಲು ಆಗಿದ್ದ ಪ್ಲಾಟುಗಳನ್ನು ದಂಡದ ರೂಪದ ಶುಲ್ಕ ಹಾಗೂ ವಿಕಾಸ ಶುಲ್ಕ ಪಡೆದು ಸಕ್ರಮ ಮಾಡುವುದು, ಆ ಹಣದಿಂದ ಅಲ್ಲಿಯೇ ಸೌಕರ್ಯ ಒದಗಿಸುವುದು ಅದರ ಉದ್ದೇಶ. 2021ರ ತಿದ್ದುಪಡಿಯಿಂದ ಆ ಗಡುವು 2020ರ ಡಿಸೆಂಬರ್ 31ರವರೆಗೆ ವಿಸ್ತರಿಸಿತು. ನಮ್ಮ ಜತ್ತ ಪಟ್ಟಣವೂ ಗ್ರಾಮಪಂಚಾಯಿತಿಯ ಕಾಲ ದಾಟಿ ನಗರ ಪರಿಷತ್ತಿನ ಊರಾಗಿದೆ. ಇನ್ನು ಮುಂದೆ ಬೆಳೆಯುವ ಬಡಾವಣೆಗಳು ಸಾಂಗಲಿ, ಮಿರಜಗಳ ಅನುಭವದಿಂದ ಪಾಠ ಕಲಿಯಬೇಕಾಗಿದೆ. ಗಡಿಯಾಚೆಯ ಅಥಣಿ, ವಿಜಯಪುರಗಳಲ್ಲಿ ಅನುಮೋದಿತ ಬಡಾವಣೆಯ ರಸ್ತೆ, ಉದ್ಯಾನಗಳನ್ನು ಸ್ಥಳೀಯ ಸಂಸ್ಥೆಗೆ ನೋಂದಾಯಿತ ಪತ್ರದ ಮೂಲಕ ಬಿಟ್ಟುಕೊಡುವ ಪದ್ಧತಿಯಿದೆ. ಜಾಗ ಕೊಳ್ಳುವವರು ಆ ಪತ್ರ ಆಗಿದೆಯೇ ಎಂದು ಮೊದಲು ಕೇಳಬೇಕು.

ಒಪ್ಪಿಕೊಂಡ ಮೇಲೆ

ಬೀದಿ ಊರಿನದಾಯಿತೆಂದರೆ ಪುರಸಭೆ ಅದರ ಒಡೆಯನಾಯಿತೆಂದು ಅರ್ಥವೇ? ಅಲ್ಲವೆಂದು ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿದೆ. ಆಗ ಉತ್ತರ ಪ್ರದೇಶದಲ್ಲಿದ್ದ ಮಂಗಲೌರ್ ಎಂಬ ಊರಿನಲ್ಲಿ (ಇದು ನಮ್ಮ ಮಂಗಳೂರಲ್ಲ) ಪುರಸಭೆಯು ರಸ್ತೆಯ ಬದಿಯ ಖಾಲಿ ಜಾಗದಲ್ಲಿ ಮಹಾತ್ಮಾ ಗಾಂಧಿಯವರ ಪುತ್ಥಳಿ, ಅರವಟ್ಟಿಗೆ ಮತ್ತು ವಾಚನಾಲಯ ಕಟ್ಟಲು ಹೊರಟಿತು. ಉದ್ದೇಶ ಒಳ್ಳೆಯದೇ. ಆದರೂ ನ್ಯಾಯಾಲಯ ಒಪ್ಪಲಿಲ್ಲ. ಬಹುಕಾಲದ ಬಳಕೆಯಿಂದ ದಾರಿಯು ಜನರಿಗೆ ಅರ್ಪಿತವಾಯಿತೆಂದು ತಿಳಿಯಬಹುದು. ಬದಿಯ ಜಾಗವೂ ದಾರಿಯ ಭಾಗವೇ. ಪುರಸಭೆಗೆ ಇರುವುದು ದಾರಿಯನ್ನು ದಾರಿಯಾಗಿ ಕಾಯುವ ಅಧಿಕಾರ ಮಾತ್ರ ಎಂಬುದು ಅದರ ಅಭಿಪ್ರಾಯದ ಸಾರ. ದಿಲ್ಲಿಯ ಒಂದು ಬಡಾವಣೆಯ ವ್ಯಾಜ್ಯದಲ್ಲಿ, ಚೇತರಾಮ್ ವಶಿಷ್ಠ್ ಪ್ರಕರಣವೆಂದು ಪ್ರಸಿದ್ಧವಾದುದರಲ್ಲಿ, ಅದೇ ನ್ಯಾಯಾಲಯವು ನಕಾಶೆಯಲ್ಲಿ ಸಾರ್ವಜನಿಕ ಉಪಯೋಗಕ್ಕೆಂದು ತೋರಿಸಿದ ಬಯಲಿನ ಒಡೆತನ ನಗರಪಾಲಿಕೆಗೆ ಪುಕ್ಕಟೆಯಾಗಿ ಹೋಗದೆಂದು ಹೇಳಿತು. ಆದರೆ ಒಡೆಯನು ಅದನ್ನು ಜನರ ಪರವಾಗಿ ವಿಶ್ವಾಸದಿಂದ ಕಾಯುವವನಂತೆ ಇರಬೇಕಾಗುತ್ತದೆಂಬುದನ್ನೂ ಸೂಚಿಸಿತು. ಒಟ್ಟಿನಲ್ಲಿ ಒಡೆಯನಾಗಲಿ ಪುರಸಭೆಯಾಗಲಿ ಬೀದಿಯ ಕಾವಲುಗಾರರು. ಬೀದಿ ನಡೆಯುವವರದು.

ನಮ್ಮ ಮುಂದಿನ ಕೆಲಸ

ಇಷ್ಟು ಇತಿಹಾಸದಿಂದ ತಿಳಿಯುವುದು ಇದು: ಒಂದು ದಾರಿ ಊರಿನದಾಗಲು ಮೂವರು ಬೇಕು. ಬಿಟ್ಟುಕೊಡುವವರು, ನಡೆಯುವವರು, ಬರೆದಿಡುವವರು. ನಮ್ಮ ಭಾಗದಲ್ಲಿ ಮೊದಲಿನ ಇಬ್ಬರಿಗೆ ಎಂದೂ ಕೊರತೆಯಾಗಿಲ್ಲ. ಕೊರತೆ ಇರುವುದು ಮೂರನೆಯವರದು. ಅದಕ್ಕೆ ನಮ್ಮಲ್ಲಿ ಒಂದು ವಿಶೇಷ ಕಾರಣವೂ ಇದೆ. ಕನ್ನಡ ಶಾಲೆಯಲ್ಲಿ ಓದಿದ ನಮ್ಮ ಹಿರಿಯರಿಗೆ ಮರಾಠಿಯ ಮಾತು ಬರುತ್ತದೆ; ಆದರೆ ಮರಾಠಿಯ ಉತಾರೆ, ಫೇರಫಾರ, ಠರಾವುಗಳ ಒಕ್ಕಣೆ ಸುಲಭವಾಗಿ ತಿಳಿಯುವುದಿಲ್ಲ. ತಿಳಿಯದ ಕಾಗದವನ್ನು ಅವರು ಪೆಟ್ಟಿಗೆಯಲ್ಲಿ ಇಡುತ್ತಾರೆ. ಅದರಲ್ಲಿ ಓಣಿಯ ಹೆಸರಿಲ್ಲವೆಂಬುದು ತಂತಿಬೇಲಿ ಬಿದ್ದ ದಿನವೇ ಗೊತ್ತಾಗುತ್ತದೆ.

ಕನ್ನಡ ಸಂಘವು ನಾಡಹಬ್ಬ, ಸಮ್ಮೇಳನಗಳ ಜೊತೆಗೆ ಈ ಕೆಲಸವನ್ನೂ ಕೈಗೆತ್ತಿಕೊಳ್ಳಬಹುದೆಂದು ನನ್ನ ವಿನಂತಿ. ಎರಡೂ ಭಾಷೆ ಬಲ್ಲ ನಮ್ಮ ಶಿಕ್ಷಕರು, ಪದವೀಧರ ತರುಣ ತರುಣಿಯರು ತಿಂಗಳಿಗೊಂದು ರವಿವಾರ ಒಂದೊಂದು ಊರಿನಲ್ಲಿ ಕುಳಿತು, ಹಿರಿಯರ ಕಾಗದಗಳನ್ನು ಕನ್ನಡದಲ್ಲಿ ಓದಿ ಹೇಳಲಿ. ನಮ್ಮ ಶಾಲೆಗಳ ಮಕ್ಕಳು ಭೂಗೋಲದ ಪಾಠದಲ್ಲಿ ಖಂಡಗಳ ನಕಾಶೆಯ ಜೊತೆಗೆ ತಮ್ಮ ಊರಿನ ನಕಾಶೆಯನ್ನೂ ನೋಡಲಿ. ಒಂಟಿ ಗೆರೆ ಯಾವುದು, ಜೋಡಿ ಗೆರೆ ಯಾವುದು ಎಂದು ಗುರುತಿಸಲು ಕಲಿಯಲಿ. ದಾರಿ ಬಿಟ್ಟುಕೊಟ್ಟ ಹಿರಿಯರು ಇನ್ನೂ ನಮ್ಮೊಡನಿರುವಾಗಲೇ ಅವರ ಸಮ್ಮತಿಯನ್ನು ಬರಹದಲ್ಲಿ ಪಡೆದು, ಗ್ರಾಮಸಭೆಯ ಮುಂದಿಟ್ಟು, ನಮೂನೆ 23ರಲ್ಲಿ ಏರಿಸಲಿ. ಆ ಓಣಿಗೆ ಬಿಟ್ಟವರ ಹೆಸರನ್ನೇ ಇಟ್ಟರೆ ಇನ್ನೂ ಒಳ್ಳೆಯದು. ಅವರ ಮೊಮ್ಮಕ್ಕಳಿಗೆ ಅದು ಅಭಿಮಾನದ ವಿಷಯವಾಗುತ್ತದೆ.

ಉಮರಾಣಿಯ ಲಿಂಗಮ್ಮನಿಗೆ ದಾನದ ಗುಣದಿಂದ ದಾನಮ್ಮ ಎಂಬ ಹೆಸರು ಬಂತೆಂದು ನಮ್ಮ ಪರಂಪರೆ ಹೇಳುತ್ತದೆ. ಆ ತಾಯಿಯ ನಾಡಿನಲ್ಲಿ ದಾರಿ ಕೊಡುವ ಕೈಗಳು ಬಹಳ. ಕೊಟ್ಟದ್ದು ಕೊಟ್ಟಂತೆ ಉಳಿಯುವ ಹಾಗೆ ಬರೆದಿಡುವ ಕೆಲಸವನ್ನು ಅಕ್ಷರ ಬಲ್ಲ ನಾವು ಮಾಡಬೇಕು.